ಕಸಿಲ್ದಕ್ಕನಿಗೆ ಕಂಡ ಕಪ್ಪೆ

ಫ್ವೆಂತೆಸೆಕಾ ಎಂಬ ಹಳ್ಳಿಯ ಕಸಿಲ್ದಕ್ಕ ಇಪ್ಪತ್ತು ವರ್ಷಗಳಿಂದ ವಾರಕ್ಕೆರಡು ಸಲ ಸಲಮಾಂಕಾಕ್ಕೆ ಹೋಗಿ ಬರುತ್ತಿದ್ದಳು, ಆದರೆ ಸಲಮಾಂಕಾ ನೋಡಿರಲಿಲ್ಲ. ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಬಂದು, ಕತ್ತೆತ್ತಿ ಬಾಯಿಬಿಟ್ಟುಕೊಂಡು ನೋಡುವ ಊರು ಅದು. ಇವಳಿಗೆ ಗೊತ್ತಿದ್ದದ್ದು ಊರಾಚೆಯ ಮೀನಿನ ಸಗಟು ಮಾರುಕಟ್ಟೆ ಒಂದೇ. ಬೆಳಕು ಹರಿಯುವ ಮೊದಲೇ ಬಂದು ವ್ಯಾನಿಗೆ ಮಂಜುಗಡ್ಡೆ, ಬೂತಾಯಿ, ಬಂಗುಡೆ ತುಂಬಿಸಿಕೊಂಡು ಮತ್ತೆ ಹಳ್ಳಿಯ ದಾರಿ ಹಿಡಿಯುವವಳಿಗೆ ಅರಮನೆ ಏನು, ಇಗರ್ಜಿ ಏನು! “ನಾನು ನೋಡಿರೋ ಸಲಮಾಂಕಾದಲ್ಲಿ ಮೀನಿನ ತಲೆ ಬಿಟ್ರೆ ಬೇರೆ ತಲೆ ಇಲ್ಲ” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಕಡಲಿಂದ ಅಷ್ಟು ದೂರದ ಆ ಒಣ ಸೀಮೆಯ ಜನಕ್ಕೆ ಮೀನೆಂದರೆ ಪ್ರಾಣ. ಕಸಿಲ್ದಕ್ಕನ ಬಿಳಿ ವ್ಯಾನ್ ಊರ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದರೆ ಸಾಕು, ಹೆಂಗಸರು ತಟ್ಟೆ ಹಿಡಿದು ಬಂದುಬಿಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಿಡಿದ ಕಸುಬು ಅದು. ಲೈಸೆನ್ಸ್ ಪರೀಕ್ಷೆಯಲ್ಲಿ ಅವಳು ಎಷ್ಟು ಸಲ ಡುಮ್ಕಿ ಹೊಡೆದಳೆಂದರೆ, ಪರೀಕ್ಷೆ ಮಾಡುತ್ತಿದ್ದವನೇ ಕೊನೆಗೆ ನಿವೃತ್ತನಾದ. ಹೊಸದಾಗಿ ಬಂದವನಿಗೆ ಅವಳ ಚರಿತ್ರೆ ಗೊತ್ತಿರಲಿಲ್ಲ, ಪಾಸು ಮಾಡಿದ. ಅಂಥವಳ ಒಬ್ಬಳೇ ಮಗಳು ನೋಏಲಿಯಾ ದೊಡ್ಡವಳಾಗಿ ಸಲಮಾಂಕಾದ ಒಂದು ಡ್ರೈವಿಂಗ್ ಶಾಲೆಯಲ್ಲಿ ಟೀಚರ್ ಆದಳು. “ಪಾಪ, ಚಿಕ್ಕಂದಿನಲ್ಲಿ ನನ್ನ ಪಕ್ಕ ಕೂತು ಹೆದರಿಕೊಂಡಿದ್ದ ಮಗು. ಲೋಕ ಉಳಿಸೋಣ ಅಂತ ಆ ಕೆಲಸಕ್ಕೆ ಸೇರ್ಕೊಂಡ್ತು” ಎಂದು ಕಸಿಲ್ದಕ್ಕ ಗಿರಾಕಿಗಳ ಮುಂದೆ ಹೇಳುತ್ತಿದ್ದಳು.

ಈಗ ಅವಳಿಗೆ ಅರವತ್ನಾಲ್ಕು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅದು ಅವಳಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಮಗಳಿಗೆ ಗೊತ್ತಾಗಬಾರದು, ಅಷ್ಟೇ. ಆಪರೇಷನ್ ಎಂದು ಮನೆಯಲ್ಲಿ ಕೂತರೆ ಆ ಹಳ್ಳಿಗಳ ಗತಿ ಏನು? ತಾನಿಲ್ಲದೆ ಜನ ಬೂತಾಯಿಗಾಗಿ ಅಳುತ್ತಾ ಕೂರುತ್ತಾರೆ ಎಂದು ಅವಳು ನಂಬಿದ್ದಳು. ಇನ್ನೊಂದು ಭಯವೂ ಇತ್ತು, ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಅಳದೇ ಇದ್ದರೆ? ಸಮೋರಾ ಕಡೆಯಿಂದ ಹೊಸದಾಗಿ ಮೀನು ತರುತ್ತಿದ್ದ ಎಳೆ ಮೀಸೆಯವನ ಹತ್ತಿರ ಮೀನು ಕೊಂಡು ಸುಖವಾಗಿದ್ದುಬಿಟ್ಟರೆ?

ಹಾಗಾಗಿ ಅವಳು ಕಾಣದ್ದನ್ನೆಲ್ಲ ಕಂಡವಳ ಹಾಗೆ ನಟಿಸುತ್ತಿದ್ದಳು. ತಕ್ಕಡಿಯ ಅಂಕಿ ಕಾಣದಿದ್ದರೆ “ನನ್ನ ಕೈಯೇ ತಕ್ಕಡಿ” ಎನ್ನುತ್ತಾ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು. ಅದರಿಂದ ಯಾವ ಗಿರಾಕಿಯೂ ತಕರಾರು ಎತ್ತಲಿಲ್ಲ. ಸ್ಮಶಾನದ ಬಾಗಿಲಲ್ಲಿ ಕಪ್ಪಗೆ, ನೆಟ್ಟಗೆ ನಿಂತಿದ್ದ ಸೈಪ್ರಸ್ ಮರವನ್ನು ಕರಿ ನಿಲುವಂಗಿಯ ಊರ ಪಾದ್ರಿ ಎಂದುಕೊಂಡು ಇಡೀ ಚಳಿಗಾಲ ವ್ಯಾನಿನಿಂದಲೇ ನಮಸ್ಕಾರ ಹೇಳಿದಳು. ಮರ ಉತ್ತರ ಕೊಡಲಿಲ್ಲ. “ಈ ಪಾದ್ರಿಗೆ ಬರ್ತಾ ಬರ್ತಾ ಸೊಕ್ಕು ಜಾಸ್ತಿಯಾಯ್ತು” ಎಂದು ಊರೂರಲ್ಲಿ ದೂರಿದಳು. ಕೊನೆಗೆ ಪಾದ್ರಿಯೇ ಬಂದು ಕ್ಷಮೆ ಕೇಳಿದ, ಯಾವುದಕ್ಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಅದು ಮರವೆಂದು ಇವಳಿಗೆ ಹೊಳೆದದ್ದು ಆಗಲೇ, ಆದರೆ ಒಪ್ಪಿಕೊಳ್ಳಲಿಲ್ಲ.

ಹೀಗಿರುವಾಗ ವಸಂತದ ಒಂದು ಸಂಜೆ ನೋಏಲಿಯಾಳ ಫೋನು ಬಂತು.

“ಅಮ್ಮ, ಮುಂದಿನ ತಿಂಗಳು ನಿನ್ನ ಲೈಸೆನ್ಸ್ ಮುಗಿಯುತ್ತೆ. ಅದಕ್ಕೆ ಮುಂಚೆ ಕಣ್ಣು ತೋರಿಸೋಣ ಬಾ.”

“ನನ್ನ ಕಣ್ಣಿಗೇನಾಗಿದೆಯೇ? ಗಿಡುಗದ ಕಣ್ಣು ನಂದು.”

“ಹಾಗಾದ್ರೆ ಭಾನುವಾರ ಬಾ, ಊರು ಸುತ್ತೋಣ. ವಿಶ್ವವಿದ್ಯಾಲಯದ ಗೋಡೆ ಮೇಲೆ ಒಂದು ಕಲ್ಲಿನ ಕಪ್ಪೆ ಇದೆ. ಯಾರ ಸಹಾಯನೂ ಇಲ್ದೆ ಅದನ್ನ ಹುಡುಕಿದ ಹುಡುಗರು ಪರೀಕ್ಷೆಲಿ ಪಾಸಾಗ್ತಾರಂತೆ. ನೀನೂ ಹುಡುಕು. ಕಪ್ಪೆ ಕಂಡ್ರೆ ವ್ಯಾನ್ ನಿಂದು, ನಾನು ಬಾಯಿ ತೆಗೆಯಲ್ಲ. ಕಾಣದಿದ್ರೆ ಕೀ ನನ್ನ ಕೈಗೆ ಕೊಡಬೇಕು.”

“ಆಗ್ಲಿ, ಪಂದ್ಯ!” ಎಂದು ಕಸಿಲ್ದಕ್ಕ ಧಿಮಾಕಿನಿಂದ ಫೋನ್ ಇಟ್ಟಳು. ಇಟ್ಟವಳೇ ಎದುರುಮನೆಯ ತೊಮಾಸಾಳ ಬಳಿ ಓಡಿದಳು. ತೊಮಾಸಾಳ ಮೊಮ್ಮಗಳು ಆ ವಿಶ್ವವಿದ್ಯಾಲಯದಲ್ಲೇ ಓದಿದವಳು. ಇಬ್ಬರೂ ಅವಳಿಗೆ ಫೋನ್ ಹಚ್ಚಿ ವಿಷಯ ತಿಳಿದುಕೊಂಡರು: ಬಲಗಡೆಯ ಕಂಬ, ಅರ್ಧ ಎತ್ತರದಲ್ಲಿ ಒಂದು ತಲೆಬುರುಡೆ, ಬುರುಡೆಯ ನೆತ್ತಿಯ ಮೇಲೆ ಕಪ್ಪೆ. ಕಸಿಲ್ದಕ್ಕ ಮೀನು ಹೆರೆಯುವಾಗಲೂ ಅದನ್ನೇ ಗುನುಗಿದಳು. ಬಲಗಂಬ, ಬುರುಡೆ, ಕಪ್ಪೆ. ಬಾಲ್ಯದಲ್ಲಿ ಪ್ರಾರ್ಥನೆಯನ್ನೂ ಅಷ್ಟು ಶ್ರದ್ಧೆಯಿಂದ ಬಾಯಿಪಾಠ ಮಾಡಿದವಳಲ್ಲ.

ಭಾನುವಾರ ಬಸ್ಸಿಳಿದಳು. ವ್ಯಾನಿನ ಕೀ ಮಾತ್ರ ಕುಪ್ಪಸದೊಳಗೆ ಭದ್ರವಾಗಿತ್ತು. ಬಂಗಾರದ ಕಿವಿಯೋಲೆ, ಮದುವೆಮನೆಗೆ ಹಾಕುವ ಎತ್ತರದ ಹಿಮ್ಮಡಿಯ ಬೂಟು. ಹೊಂಬಣ್ಣದ ಕಲ್ಲಿನ ಆ ಊರು ಬಿಸಿಲಲ್ಲಿ ಒಂದೇ ಒಂದು ಹಳದಿ ಮುದ್ದೆಯಾಗಿ ಅವಳ ಕಣ್ಣಿಗೆ ಬಿತ್ತು. “ಆಹಾ, ಎಷ್ಟು ಚೆಂದ ಕೆತ್ತಿದ್ದಾರೆ!” ಎಂದಳು. ಅವಳು ನೋಡಿ ಹಾಗಂದದ್ದು ಬಸ್ ನಿಲ್ದಾಣದ ಗೋಡೆಯನ್ನು.

ನೋಏಲಿಯಾ ತುಟಿ ಕಚ್ಚಿಕೊಂಡು ತಾಯಿಯ ತೋಳು ಹಿಡಿದಳು. ದೊಡ್ಡ ಚೌಕದಲ್ಲಿ ಕೂತು ಇಬ್ಬರೂ ಮಾಂಸ ತುಂಬಿದ ಓರ್ನಾಸೊ ರೊಟ್ಟಿ ತಿಂದರು. ಆಮೇಲೆ ಚಿಪ್ಪಿನ ಮನೆ ಎಂಬ ಹಳೇ ಕಟ್ಟಡದ ಮುಂದೆ ಬಂದರು. ಗೋಡೆ ತುಂಬ ಬೊಗಸೆ ದಪ್ಪದ ಕಲ್ಲಿನ ಚಿಪ್ಪುಗಳು. ಅಷ್ಟು ದೊಡ್ಡದಾದ್ದರಿಂದ ಅವು ಕಸಿಲ್ದಕ್ಕನಿಗೂ ಕಂಡವು. ಕಂಡದ್ದೇ ತಡ, ಎದೆಯುಬ್ಬಿತು.

“ಇಷ್ಟೊಂದು ಚಿಪ್ಪು, ಒಂದರಲ್ಲೂ ಮಾಂಸ ಇಲ್ಲ! ಇದನ್ನ ಮಾರಿದವನು ಯಾರೋ ಭಾರೀ ಆಸಾಮಿ.”

“ಗೋಪುರದ ಮೇಲೆ ಕೊಕ್ಕರೆ ಕಾಣ್ತಾ ಅಮ್ಮ?”

ಮೇಲಿಂದ ಕೊಕ್ಕು ಕಟಕಟಿಸುವ ಸದ್ದು ಕೇಳುತ್ತಿತ್ತು. “ಕಾಣದೆ ಏನು? ಜೋಡಿ ಕೂತಿದೆ. ಗಂಡನ್ನ ಬೈತಾ ಇದ್ದಾಳೆ ಅವಳು” ಎಂದಳು. ಜೋಡಿಯೇ ಕೂತಿತ್ತು. ಕಿವಿಯಿಂದ ಕಣ್ಣಿನ ಕೆಲಸ ತೆಗೆದ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡಳು. ಇನ್ನೇನು, ಕಪ್ಪೆಯೊಂದು ಮುಗಿದರೆ ವ್ಯಾನ್ ತನ್ನದೇ.

ಇನ್ನೂ ಸ್ವಲ್ಪ ನಡೆದ ಮೇಲೆ ಜನ ಗುಂಪುಗಟ್ಟಿ ‘ಮೇಲೆ, ಮೇಲೆ’ ಎನ್ನುತ್ತಾ ಫೋಟೋ ತೆಗೆಯುತ್ತಿರುವುದು ಕೇಳಿಸಿತು. ಎದುರಿಗೆ ಎತ್ತರವಾದ, ಹಳದಿಯಾದ, ತುಂಬ ಗಂಟುಗಂಟಾದ ಏನೋ ಒಂದು. ಕಸಿಲ್ದಕ್ಕ ಮಗಳ ತೋಳು ಬಿಡಿಸಿಕೊಂಡು ಮುಂದೆ ಹೋದಳು. ಸೊಂಟಕ್ಕೆ ಒಂದು ಕೈ ಕೊಟ್ಟು ಇನ್ನೊಂದು ಕೈಯೆತ್ತಿ, ಮೀನು ಕೂಗಿ ಮಾರುವ ಅದೇ ಗಂಟಲಿನಲ್ಲಿ ಸಾರಿದಳು:

“ಅಗೋ ನೋಡು! ಬಲಗಂಬ. ಅರ್ಧ ಎತ್ತರ. ಬುರುಡೆ. ಬುರುಡೆ ಮೇಲೆ ಕಪ್ಪೆ! ಎಷ್ಟು ಮುದ್ದಾಗಿ ಕೂತಿದೆ, ಕಣ್ಣು ಪಿಳಿಪಿಳಿ ಬಿಡ್ತಾ ಇದೆ!”

ಸುತ್ತಲಿನವರೆಲ್ಲ ಅವಳತ್ತ ತಿರುಗಿದರು. ಯಾರೋ ಕಿಸಕ್ಕೆಂದರು.

ನೋಏಲಿಯಾ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: “ಅಮ್ಮ, ಇದು ಇಗರ್ಜಿ.”

“ಯಾವ ಇಗರ್ಜಿ?”

“ದೊಡ್ಡ ಇಗರ್ಜಿಯ ಬಾಗಿಲು. ರಿಪೇರಿ ಮಾಡಿದ ಕಲ್ಕುಟಿಗರು ಇಲ್ಲಿ ಒಬ್ಬ ಗಗನಯಾತ್ರಿನ ಕೆತ್ತಿದ್ದಾರೆ. ಜನ ನೋಡ್ತಿರೋದು ಅವನನ್ನ. ಕಪ್ಪೆ ಇರೋದು ಆ ಕಡೆ ಬೀದೀಲಿ.”

ಕಸಿಲ್ದಕ್ಕ ಎತ್ತಿದ ಕೈಯನ್ನು ಇಳಿಸಲಾರದೆ ಅದರಿಂದಲೇ ಶಿಲುಬೆಯ ಗುರುತು ಮಾಡಿಕೊಂಡಳು. “ಇಗರ್ಜಿ ಆದ್ರೇನೀಗ? ಕಪ್ಪೆನೂ ದೇವರ ಮಗೂನೇ. ಅದಕ್ಕೆ ಭಕ್ತಿ ಇರಬಾರದಾ?”

ನೋಏಲಿಯಾ ನಕ್ಕಳು. ನಗು ಎಷ್ಟು ಬಂತೆಂದರೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಾಯಿಯೂ ಪಕ್ಕದಲ್ಲಿ ಕೂತು ನಕ್ಕಳು. ಆಮೇಲೆ ಮಗಳು ನಗು ನಿಲ್ಲಿಸಿ ಕೈ ಚಾಚಿದಳು.

“ಕೀ ಕೊಡು.”

“ಕೊಡಲ್ಲ. ನೀನು ಮೋಸ ಮಾಡಿದೆ. ಬೇರೆ ಗೋಡೆಗೆ ಕರ್ಕೊಂಡು ಬಂದೆ.”

“ನಾನು ‘ಬಾ’ ಅಂದೆ ಅಷ್ಟೇ. ಕಪ್ಪೆ ಅಂತ ಕೂಗಿದ್ದು ನೀನು. ಅಮ್ಮ, ತಮಾಷೆ ಸಾಕು. ತೊಮಾಸಾ ನಂಗೆ ಫೋನ್ ಮಾಡಿದ್ಲು.”

“ಯಾವಾಗ? ಅವಳೇ ನಂಗೆ...” ಎಂದವಳು ನಾಲಗೆ ಕಚ್ಚಿಕೊಂಡಳು.

“ನಿನ್ನ ಹಾರ್ನ್ ಕೇಳಿದ ತಕ್ಷಣ ಊರವರು ಕುರ್ಚಿ, ನಾಯಿ, ಕೋಳಿ ಎಲ್ಲ ಒಳಗೆ ಎಳ್ಕೊತಾರಂತೆ. ಆಮೇಲೆ ತಟ್ಟೆ ತರೋದಂತೆ. ಒಂದು ವರ್ಷದಿಂದ ಹೀಗೇ ನಡೀತಿದೆ. ನಿಂಗೆ ಬೇಜಾರಾಗುತ್ತೆ ಅಂತ ಯಾರೂ ಹೇಳಿಲ್ಲ. ಆದ್ರೆ ಹೋದ ಗುರುವಾರ...”

“ಹೋದ ಗುರುವಾರ ಏನು?”

“ನಲ್ಲಿ ಕಟ್ಟೆ ಹತ್ತಿರ ನೀನು ವ್ಯಾನ್ ಹಿಂದಕ್ಕೆ ತಗೊಂಡೆ. ಅಲ್ಲಿ ಬೇಕರಿಯವರ ಚಿಕ್ಕ ಮಗು ಕೂತು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚ್ತಾ ಇತ್ತು. ತೊಮಾಸಾ ಓಡಿ ಬಂದು ಎಳ್ಕೊಂಡ್ಲು. ನಿನ್ನ ಕೂಗಿದ್ಲಂತೆ. ಅದಕ್ಕೆ ನೀನು ಏನಂದೆ ಗೊತ್ತಾ?”

ಕಸಿಲ್ದಕ್ಕನಿಗೆ ಗೊತ್ತಿತ್ತು. ತೊಮಾಸಾ ಕಿರುಚಿದ್ದು ಕೇಳಿತ್ತು. ಬೂತಾಯಿಯ ಬೆಲೆಗೆ ಚೌಕಾಸಿ ಮಾಡುತ್ತಿದ್ದಾಳೆ ಎಂದುಕೊಂಡು ಇವಳೂ ಕಿಟಕಿಯಿಂದ ಅಷ್ಟೇ ಜೋರಾಗಿ ಕೂಗಿದ್ದಳು, “ಎಷ್ಟು ಬಡ್ಕೊಂಡ್ರೂ ಒಂದು ಸೆಂಟ್ ಕಮ್ಮಿ ಮಾಡಲ್ಲ!” ಎಂದು. ಆಮೇಲೆ ಒಳ್ಳೇ ಮಾತು ಕೊಟ್ಟೆ ಎಂದು ದಾರಿಯುದ್ದಕ್ಕೂ ಒಬ್ಬಳೇ ನಕ್ಕಿದ್ದಳು.

ತಾನು ಎಂಥ ಮಳ್ಳಿ, ಎಂಥ ಅಹಂಕಾರಿ ಎಂದು ಅವಳಿಗೆ ಅನಿಸಿತು. ಆದರೂ ನೋಡಿ, ಅರವತ್ನಾಲ್ಕು ವರ್ಷದ ಹಟ ಒಂದು ಕ್ಷಣದಲ್ಲಿ ಇಳಿಯುವಂಥದ್ದಲ್ಲ. ಅವಳು ಎದ್ದು ಲಂಗ ಕೊಡವಿಕೊಂಡಳು.

“ಸರಿಯಾದ ಗೋಡೆಗೆ ಕರ್ಕೊಂಡು ಹೋಗು. ಪಂದ್ಯ ಅಂದ್ರೆ ಪಂದ್ಯ.”

“ಅಮ್ಮ...”

“ನಡಿಯೇ.”

ಬೀದಿ ತಿರುಗಿ ಚಿಕ್ಕ ಅಂಗಳಕ್ಕೆ ಬಂದರು. ಇಲ್ಲಿಯೂ ಜನ, ಇಲ್ಲಿಯೂ ಕತ್ತೆತ್ತಿದ ಗುಂಪು, ಇಲ್ಲಿಯೂ ಎದುರಿಗೆ ಅದೇ ಹಳದಿ ಮುದ್ದೆ. ಕಸಿಲ್ದಕ್ಕ ಕಣ್ಣು ಕಿರಿದು ಮಾಡಿದಳು, ಅಗಲಿಸಿದಳು, ಒಂದು ಮುಚ್ಚಿ ಇನ್ನೊಂದರಲ್ಲಿ ನೋಡಿದಳು. ಕಂಬವೇ ಕಾಣದು, ಬುರುಡೆ ಎಲ್ಲಿಂದ ಕಾಣಬೇಕು. ಆದರೆ ಬಾಯಿಪಾಠ ಬಾಯಲ್ಲೇ ಇತ್ತು. ಬಾಗಿಲು ಎಲ್ಲಿದೆ ಎಂದು ಜನ ಒಳಹೋಗುವ ಸದ್ದಿನಿಂದ ತಿಳಿದುಕೊಂಡು, ಅಲ್ಲಿಂದ ಬಲಕ್ಕೆ ಬೆರಳು ಸರಿಸಿದಳು. ಅರ್ಧ ಎತ್ತರಕ್ಕೆ ಏರಿಸಿದಳು. ಬೆರಳು ಅಲ್ಲಿ ನಿಂತಿತು.

ನೋಏಲಿಯಾ ಆ ಬೆರಳಿನ ನೇರಕ್ಕೆ ನೋಡಿದಳು.

“ಸರಿಯಾಗೇ ತೋರಿಸಿದ್ದೀಯಾ” ಎಂದಳು ಕೊನೆಗೆ. ಸೋತ ದನಿ. “ಅದೇ ಬುರುಡೆ, ಅದೇ ಕಪ್ಪೆ. ಆಯ್ತು ಬಿಡು. ಮಾತು ಕೊಟ್ಟಿದ್ದೀನಿ, ನಾನಿನ್ನು ಬಾಯಿ ತೆಗೆಯಲ್ಲ.”

ಕಸಿಲ್ದಕ್ಕ ಗೆದ್ದಿದ್ದಳು. ಗೆದ್ದು ಇಷ್ಟು ಕೆಟ್ಟದ್ದೆನಿಸಿದ್ದು ಜೀವಮಾನದಲ್ಲಿ ಇದೇ ಮೊದಲು. ನಲ್ಲಿ ಕಟ್ಟೆ ಕಣ್ಣಮುಂದೆ ಬಂತು. ವಿಚಿತ್ರವೆಂದರೆ ಅದೊಂದು ಮಾತ್ರ ಸ್ಪಷ್ಟವಾಗಿ ಕಂಡಿತು, ಸೀಮೆಸುಣ್ಣ ಹಿಡಿದ ಕೈ ಕೂಡ.

“ಬಾಯಿಪಾಠ ಕಣೇ” ಎಂದಳು.

“ಏನು?”

“ಬಾಯಿಪಾಠ. ನಂಗೆ ಕಪ್ಪೆನೂ ಕಾಣ್ತಿಲ್ಲ, ಕಂಬಾನೂ ಕಾಣ್ತಿಲ್ಲ. ಎರಡು ವರ್ಷದಿಂದ ಏನೂ ಸರಿಯಾಗಿ ಕಾಣ್ತಿಲ್ಲ. ಪಾದ್ರಿ ಅಂದ್ಕೊಂಡು ಮರಕ್ಕೆ ನಮಸ್ಕಾರ ಮಾಡ್ಕೊಂಡು ತಿರುಗ್ತಾ ಇದ್ದೀನಿ ನಾನು.” ಕುಪ್ಪಸಕ್ಕೆ ಕೈ ಹಾಕಿ ಕೀ ತೆಗೆದು ಮಗಳ ಕಡೆ ಚಾಚಿದಳು. ಚಾಚಿದ್ದು ಮಗಳ ಪಕ್ಕದಲ್ಲಿ ನಿಂತಿದ್ದ ಯಾರೋ ವಿದೇಶಿಯ ಕಡೆಗೆ. ಅವನು ಗಾಬರಿಯಾಗಿ ಹಿಂದೆ ಸರಿದ. ನೋಏಲಿಯಾ ಕೀಯನ್ನೂ ಆ ಕೈಯನ್ನೂ ಸೇರಿಸಿ ಹಿಡಿದುಕೊಂಡಳು.

“ಗುರುವಾರದ ಮೀನು ಯಾರೇ ಒಯ್ಯೋದು?” ಎಂದು ಕಸಿಲ್ದಕ್ಕ ಕೇಳಿದಳು.

“ನಾನು. ರಜೆ ಹಾಕ್ತೀನಿ.”

“ನಿಂಗೆ ಬಂಗುಡೆಗೂ ಬೂತಾಯಿಗೂ ವ್ಯತ್ಯಾಸ ಗೊತ್ತಾ?”

“ನಿಂಗೆ ಪಾದ್ರಿಗೂ ಮರಕ್ಕೂ ಗೊತ್ತಾ?”

ಮುಂದಿನ ವಾರಗಳಲ್ಲಿ ನೋಏಲಿಯಾ ಹೇಳಿದ ಹಾಗೇ ವ್ಯಾನ್ ಓಡಿಸಿದಳು. ಊರವರು ಯಾರೂ ಅಳಲಿಲ್ಲ. ಸಮೋರಾದವನ ಹತ್ತಿರವೂ ಹೋಗಲಿಲ್ಲ. ಮಗಳು ತಕ್ಕಡಿ ನೋಡಿ ತೂಗುತ್ತಾಳೆ, ಒಂದು ಹಿಡಿ ಕಮ್ಮಿ ಬೀಳುತ್ತಿದೆ ಎಂಬ ಒಂದೇ ದೂರು. ಮೇ ಕೊನೆಗೆ ಕಸಿಲ್ದಕ್ಕನ ಬಲಗಣ್ಣಿನ ಆಪರೇಷನ್ ಆಯಿತು. ಅವಳು ಅಷ್ಟು ಹೆದರಿದ್ದ ಕೆಲಸ, ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಅವಳಿಗೆ ನಾಚಿಕೆಯೇ ಆಯಿತು.

ಮಾರನೆಯ ಬೆಳಿಗ್ಗೆ ತನ್ನ ಅಡುಗೆಮನೆಯಲ್ಲಿ ಮಗಳೇ ಕಣ್ಣಿನ ಪಟ್ಟಿ ತೆಗೆದಳು. ಮೊದಲು ಬಿಳಿ ಬೆಳಕು. ಆಮೇಲೆ ಕಿಟಕಿ, ಕಿಟಕಿಯಾಚೆ ಒಣಹಾಕಿದ ಅಂಗಿ, ಬಟ್ಟಲು, ಬಟ್ಟಲ ಮೇಲಿನ ಹೂವು. ಆಮೇಲೆ ಎದುರಿಗೆ ಕೂತ ಹೆಂಗಸು. ಹಣೆಯ ಎರಡೂ ಪಕ್ಕ ನರೆ, ಕಣ್ಣಿನ ಕೆಳಗೆ ಕಪ್ಪು, ಬಾಯಿಯ ಸುತ್ತ ಎರಡು ಗೆರೆ. ಕಸಿಲ್ದಕ್ಕ ಬೆಚ್ಚಿದಳು. ಇಷ್ಟು ದಿನ ಆ ಮಸುಕಿನಲ್ಲಿ ತಾನು ಬೇರೆ ಯಾರೋ ಎಳೆಯ ಹುಡುಗಿಯ ಜೊತೆ ಜಗಳವಾಡುತ್ತಿದ್ದೆ ಎಂದು ಅವಳಿಗೆ ಆಗ ಹೊಳೆಯಿತು.

“ಯಾವಾಗ ಬಂತೇ ಈ ನರೆ?”

“ಎರಡು ವರ್ಷ ಆಯ್ತು.”

“ನನ್ನಿಂದಲೇನೇ?”

“ಎಲ್ಲಾನೂ ನಿನ್ನಿಂದಲೇ ಅಂತ ಜಂಬ ಪಡಬೇಡ. ಅರ್ಧ ನನ್ನ ವಿದ್ಯಾರ್ಥಿಗಳಿಂದ” ಎಂದು ನೋಏಲಿಯಾ ಕೀಯನ್ನು ಮೇಜಿನ ಮೇಲೆ ತಾಯಿಯ ಮುಂದಕ್ಕೆ ತಳ್ಳಿದಳು. “ಡಾಕ್ಟರು ಇನ್ನೊಂದು ವಾರಕ್ಕೆ ಓಡಿಸಬಹುದು ಅಂದಿದ್ದಾರೆ. ತಗೋ.”

ಕಸಿಲ್ದಕ್ಕ ಕೀ ಮುಟ್ಟಲಿಲ್ಲ. ಮಗಳ ನರೆಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಅಳು ಬರುತ್ತಿತ್ತು. ಆದರೆ ಕಣ್ಣು ಒದ್ದೆಯಾಗಬಾರದು ಎಂದು ಡಾಕ್ಟರು ಹೇಳಿದ್ದರು.

“ಇನ್ನೊಂದು ಕಣ್ಣೂ ಆಗ್ಲಿ. ಅಲ್ಲೀವರೆಗೆ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ನಿನ್ನ ಮುಖ ನೋಡ್ಕೊಂಡು ಬರ್ತೀನಿ. ಇಷ್ಟು ವರ್ಷ ರಸ್ತೆ ನೋಡಿದ್ದು ಸಾಕು.”

“ನೋಡಿದ್ರೆ ತಾನೇ!” ಎಂದಳು ನೋಏಲಿಯಾ.