ಹುಳಿತೇಗು ಹತ್ತು ನಿಮಿಷ ತಡ

ನಮ್ಮ ನಿಲ್ದಾಣದಿಂದ ದಿನಕ್ಕೆ ಇನ್ನೂರ ಹದಿನಾಲ್ಕು ಬಸ್ಸುಗಳು ಹೊರಡುತ್ತವೆ. ಅಷ್ಟೂ ಬಸ್ಸುಗಳ ವೇಳೆಯನ್ನು ಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆಸಿದ್ದಾರೆ. ಜನ ಆ ಗೋಡೆಗೇ ಬೆನ್ನು ಕೊಟ್ಟು ನಿಂತು ನನ್ನನ್ನು ಕೇಳುತ್ತಾರೆ. ವಿಚಾರಣೆ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ಕೂತ ಮೇಲೆ ನನಗೆ ಮನುಷ್ಯರ ಮೇಲಿನ ಪ್ರೀತಿ ಅಷ್ಟಕ್ಕಷ್ಟೇ. ಅಷ್ಟಾದರೂ ಉಳಿದಿದ್ದರೆ ಅದಕ್ಕೆ ಕಾರಣ, ನಮ್ಮ ಗಾಜಿನ ಕೋಣೆಯ ಇನ್ನೊಂದು ಕುರ್ಚಿಯಲ್ಲಿ ಕೂರುವ ಮೈಕಮ್ಮ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ಬಸ್ಸು ಯಾವುದು, ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ ಎಂದು ಇಪ್ಪತ್ತೆರಡು ವರ್ಷಗಳಿಂದ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಅವಳ ದನಿ ಕೇಳಿದರೆ ತಪ್ಪು ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಟ್ಟ ಅಜ್ಜಿ ಕಾಲು ಹಿಂದಕ್ಕೆ ತೆಗೆಯುತ್ತಾಳೆ. ಟೀ ಕುಡಿಯುತ್ತ ಹರಟುವ ಡ್ರೈವರು ಲೋಟ ಕೆಳಗಿಟ್ಟು ಓಡುತ್ತಾನೆ. ನಾನು ಅದೇ ಮಾತನ್ನು ಕಿಟಕಿಯಲ್ಲಿ ಹೇಳಿದರೆ ಜಗಳಕ್ಕೆ ಬರುತ್ತಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಅದರಲ್ಲಿ ಎರಡನೆಯದು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಮೊದಲನೆಯದೇ ಕೈಕೊಟ್ಟಿತು.

ಅವಳ ಕಥೆ ಹೇಳಬೇಕೆಂದರೆ ಅವಳ ಮಾವನನ್ನೂ ಹೇಳಬೇಕು. ಗಂಡನ ಅಪ್ಪ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂಬ ಫಲಕದ ಕೆಳಗೆ ಅಷ್ಟು ವರ್ಷ ಕೂತು ಮಾತನಾಡುವುದನ್ನೇ ಮರೆತವರು. ಮನೆ ನಿಲ್ದಾಣದ ಹಿಂದಿನ ಬೀದಿಯಲ್ಲೇ. ದಿನಾ ಹತ್ತೂವರೆಗೆ ಸೊಸೆಯ ಊಟದ ಡಬ್ಬಿ ತಂದು ಗಾಜಿನ ಅರ್ಧಚಂದ್ರದ ತೂತಿನಿಂದ ಒಳಗೆ ತಳ್ಳುತ್ತಾರೆ. ಆಮೇಲೆ ಅಂಗಿಯ ಜೇಬಿನಿಂದ ಪುದೀನ ಪೆಪ್ಪರ್‌ಮೆಂಟಿನ ಪೊಟ್ಟಣ ತೆಗೆದು ಅವಳ ಅಂಗೈಗೆ ಹಾಕುತ್ತಾರೆ. ಮೂರನೇ ಪ್ಲಾಟ್‌ಫಾರಂ ಎದುರಿನ ಬೆಂಚಿನಲ್ಲಿ ಒಂದು ಗಂಟೆ ಕೂತು ಅವಳ ದನಿ ಕೇಳಿ ಎದ್ದು ಹೋಗುತ್ತಾರೆ. ಕೆಲಸದ ಮೊದಲ ದಿನ ಅವಳ ಬಾಯಿ ಹೆದರಿಕೆಗೆ ಒಣಗಿದಾಗ, "ಬಾಯಲ್ಲಿಟ್ಕೊಳಮ್ಮ, ಗಂಟ್ಲು ಒಣಗಲ್ಲ" ಎಂದಿದ್ದರಂತೆ. ಆಮೇಲೆ ಇಪ್ಪತ್ತೆರಡು ವರ್ಷ ಏನೂ ಹೇಳಿಲ್ಲ. ಪೊಟ್ಟಣ ಮಾತ್ರ ತಪ್ಪಿಸಿಲ್ಲ.

ಈ ವರ್ಷ ಅವಳ ದನಿ ಒಡೆಯಲು ಶುರುವಾಯಿತು. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿ ಕೀರಲು. ಒಂದು ದಿನ ಬಸ್ಸಿನ ನಂಬರು ಹೇಳಿ ಪ್ಲಾಟ್‌ಫಾರಂ ಹೇಳುವಷ್ಟರಲ್ಲಿ ದನಿಯೇ ನಿಂತುಹೋಯಿತು. ಒಂದು ಬ್ಯಾಂಡ್ ತಂಡ ಡೋಲು ತುತ್ತೂರಿ ಹೊತ್ತು ಎಂಟೂ ಪ್ಲಾಟ್‌ಫಾರಂ ಸುತ್ತಿ, ಕೊನೆಗೆ ಹೊರಟುಹೋದ ಬಸ್ಸಿನ ಹೊಗೆ ನೋಡಿಕೊಂಡು ನಿಂತಿತು. ಅವರು ದೂರು ಬರೆದರು. ಬ್ಯಾಂಡಿನವರಲ್ಲವೇ, ಸಣ್ಣ ದನಿಯಲ್ಲಿ ಬರೆಯಲಿಲ್ಲ.

ನಿಲ್ದಾಣದ ಸಾಹೇಬರು ಬಂದರು. ಕೆಟ್ಟವರಲ್ಲ, ಆದರೆ ಸಾಹೇಬರು.

"ಒಂದು ತಿಂಗ್ಳು ನೋಡ್ತೀನಮ್ಮ. ಬರೋ ತಿಂಗಳ ಮೊದಲ್ನೇ ಸೋಮವಾರ ಬೆಳಿಗ್ಗೆಯಿಂದ ಸಂಜೆವರೆಗೂ ಹೊರಗಡೆ ನಿಂತು ನಾನೇ ಕೇಳ್ತೀನಿ. ದನಿ ಕೈಕೊಟ್ರೆ ನಿಮ್ಮನ್ನ ಪಾರ್ಸೆಲ್ ಗೋದಾಮಿಗೆ ಹಾಕ್ಬೇಕಾಗುತ್ತೆ. ಬೇರೆ ದಾರಿ ಇಲ್ಲ."

ಅವರು ಹೋದ ಮೇಲೆ ಅವಳು ಅತ್ತಳು. ಮೈಕಿನ ಗುಂಡಿ ಆರಿಸಿ, ಆರಿದೆಯೇ ಎಂದು ಎರಡು ಸಲ ನೋಡಿ, ಆಮೇಲೆ ಅತ್ತಳು.

"ಅಣ್ಣ, ಆ ಗೋದಾಮಲ್ಲಿ ಮೂಟೆಗಳ ಹತ್ರ ಏನಂತ ಮಾತಾಡ್ಲಿ?"

ಉತ್ತರ ಹೇಳುವುದಕ್ಕೇ ಸಂಬಳ ಪಡೆಯುವ ನಾನು ನೀರಿನ ಲೋಟವನ್ನು ಅವಳ ಕಡೆ ತಳ್ಳಿದೆ.

ಡಾಕ್ಟರು ಟಾರ್ಚು ಹಾಕಿ ಗಂಟಲು ನೋಡಿದರಂತೆ. ಗಂಟಲಲ್ಲಿ ಏನೂ ಇಲ್ಲ, ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲನ್ನು ಸುಡುತ್ತಿದೆ, ನಿಮಗೆ ಯಾವುದು ಒಗ್ಗುತ್ತಿಲ್ಲವೋ ನೀವೇ ಹುಡುಕಬೇಕು, ವಾರಕ್ಕೊಂದು ಪದಾರ್ಥ ಬಿಟ್ಟು ಹೇಗಿದೆ ಎಂದು ಬರೆದಿಡಿ ಎಂದರಂತೆ. ಬರೆಯುವುದಕ್ಕೆ ಅವಳಿಗೆ ಹೊಸ ಪುಸ್ತಕ ಬೇಕಿರಲಿಲ್ಲ. ಪ್ರಕಟಣೆಯ ರಿಜಿಸ್ಟರಿನಲ್ಲಿ ಎಡಪುಟಕ್ಕೆ ಬಸ್ಸು, ಬಲಪುಟ ಖಾಲಿ. ಅಲ್ಲೇ ಗೆರೆ ಎಳೆದಳು. ಇಪ್ಪತ್ತೆರಡು ವರ್ಷ ಬಸ್ಸು ಬರೆದ ಕೈಗೆ ಬೇರೆ ತರಹ ಬರೆಯಲು ಬಾರದು. ಬರಬೇಕಾದ ವೇಳೆ, ಬಂದ ವೇಳೆ, ವಿಳಂಬ, ಷರಾ. ಹೊಟ್ಟೆಯೂ ನಮ್ಮ ಡಿಪೋಗೆ ಸೇರಿಬಿಟ್ಟಿತು.

ಮೊದಲ ವಾರ ಕಾಫಿ ರದ್ದು. ಎರಡನೇ ದಿನದ ಸಾಲು ನನಗೆ ಈಗಲೂ ಬಾಯಿಪಾಠ. ‘ತಲೆನೋವು. ವಿಶೇಷ ಬಸ್ಸು. ಬೆಳಿಗ್ಗೆಯಿಂದ ರಾತ್ರಿವರೆಗೆ ನಿರಂತರ ಸೇವೆ.’ ಆ ವಾರ ಅವಳ ದನಿಗಿಂತ ಅವಳ ಸಿಟ್ಟು ಚೆನ್ನಾಗಿ ಕೇಳುತ್ತಿತ್ತು. ಒಂದೇ ನಿಮಿಷ ತಡವಾಗಿ ಬಂದ ಒಬ್ಬ ಡ್ರೈವರನ್ನು ಮೈಕಿನಲ್ಲಿ ಸ್ವಾಗತಿಸಿದ ರೀತಿಗೆ ಅವನು ಬಸ್ಸಿನಿಂದ ಇಳಿಯಲೇ ಇಲ್ಲ.

ಎರಡನೇ ವಾರ ಖಾರ ರದ್ದು. ಒಬ್ಬಳೇ ತಿನ್ನಬಾರದೆಂದು ನಾನೂ ಅವಳ ಡಬ್ಬಿಯಲ್ಲಿ ಪಾಲು ತೆಗೆದುಕೊಂಡೆ. ಬೇಯಿಸಿದ ಸೋರೆಕಾಯಿಯನ್ನು ಉಪ್ಪು ಹಾಕಿ ಅನ್ನದ ಜೊತೆ ಮೂರು ದಿನ ತಿಂದವನಿಗೆ ವೈರಾಗ್ಯ ತಾನಾಗಿಯೇ ಬರುತ್ತದೆ. ನಾಲ್ಕನೇ ದಿನ ನಾನು ಹೊರಗೆ ಹೋಗಿ ಮಿರ್ಚಿ ಹಾಕಿದ ಆಮ್ಲೆಟ್ ತಿಂದು ಬಾಯಿ ಒರೆಸಿಕೊಂಡು ಬಂದೆ. ಅವಳು ಮೂಸಿ ನೋಡಿ, "ಅಣ್ಣ, ನಂಬಿಕೆ ದ್ರೋಹ" ಎಂದಳು.

ಮೂರನೇ ವಾರ ಹಾಲು, ಮೊಸರು ರದ್ದು. ಹೊಟ್ಟೆಯ ಉಬ್ಬರ ಸ್ವಲ್ಪ ಇಳಿಯಿತು, ಮತ್ತೆ ಏರಿತು. ಹುಳಿತೇಗು ಮಾತ್ರ ನಮ್ಮ ಯಾವ ಬಸ್ಸಿಗೂ ಇಲ್ಲದ ನಿಷ್ಠೆಯಿಂದ ಹನ್ನೊಂದಕ್ಕೆ ಹಾಜರು. ರಜೆಯ ದಿನ ಏನಾಗುತ್ತಿತ್ತೋ ಗೊತ್ತಿಲ್ಲ, ರಿಜಿಸ್ಟರು ಮನೆಗೆ ಹೋಗುತ್ತಿರಲಿಲ್ಲ. ಊರಿಗೆಲ್ಲ ವೇಳೆ ಹೇಳುವ ಇಬ್ಬರು ಒಂದೇ ಕೋಣೆಯಲ್ಲಿದ್ದೆವು. ಹನ್ನೊಂದಕ್ಕೇ ಯಾಕೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ವಾರದ ಶುಕ್ರವಾರ ಜನವೋ ಜನ. ಮೇಜಿನ ಫ್ಯಾನು ಪುಟಗಳನ್ನು ಹಾರಿಸುತ್ತಿತ್ತು. ಅವಳು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಮೈಕಿನ ಗುಂಡಿ ಒತ್ತಿ, ಕಣ್ಣಿಗೆ ಬಿದ್ದ ಪುಟವನ್ನು ಓದಿದಳು.

"ಪ್ರಯಾಣಿಕರ ಗಮನಕ್ಕೆ. ಹನ್ನೊಂದು ಗಂಟೆಗೆ ಬರಬೇಕಾದ ಹುಳಿತೇಗು ಹತ್ತು ನಿಮಿಷ ತಡವಾಗಿ ಬಂದಿದೆ. ಹಾಲು ಮತ್ತು ಮೊಸರನ್ನು ರದ್ದುಪಡಿಸಲಾಗಿದೆ. ಹೊಟ್ಟೆಯುಬ್ಬರ ಹೊರಡುವ ವೇಳೆಯನ್ನು ನಂತರ ತಿಳಿಸಲಾಗುವುದು. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಪ್ರತಿ ಪ್ರಕಟಣೆಯನ್ನು ಎರಡು ಸಲ ಓದಬೇಕೆಂಬುದು ನಿಯಮ. ನಾನು ಹಾರಿ ಹೋಗಿ ಗುಂಡಿ ಆರಿಸುವಷ್ಟರಲ್ಲಿ ಅವಳು ಎರಡನೇ ಸಲ ಮೊಸರಿನವರೆಗೆ ಬಂದಿದ್ದಳು.

ಆಮೇಲೆ ಇಡೀ ನಿಲ್ದಾಣದಲ್ಲಿ ಎದ್ದ ನಗೆ ಇದೆಯಲ್ಲ, ಎಂಟೂ ಪ್ಲಾಟ್‌ಫಾರಮ್ಮಿನ ಪಾರಿವಾಳಗಳು ಹಾರಿಹೋದವು. ಅವಳು ಮೇಜಿನ ಕೆಳಗೆ ಚಪ್ಪಲಿ ಹುಡುಕುವವಳಂತೆ ಬಗ್ಗಿದವಳು ಮೇಲೇಳಲೇ ಇಲ್ಲ. ಪೆಟ್ಟಿಗೆ ಹೊತ್ತ ಒಬ್ಬ ಮುದುಕಪ್ಪ ನನ್ನ ಕಿಟಕಿಗೆ ಬಂದು ಬಹಳ ಗಂಭೀರವಾಗಿ, "ಸ್ವಾಮಿ, ಆ ಹತ್ತು ನಿಮಿಷ ಲೇಟು ಅಂದ್ರಲ್ಲ, ಅದು ಯಾವ ಪ್ಲಾಟ್‌ಫಾರಮ್ಮು?" ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ನಾನು ಗದರದೆ ಬಿಟ್ಟ ಒಂದೇ ಪ್ರಶ್ನೆ ಅದು.

ಆಮೇಲೆ ತಲೆಗೊಂದು ಸಲಹೆ. ಎಡಮಗ್ಗುಲಿಗೆ ಮಲಗಿ, ಊಟ ಆದ ಮೇಲೆ ನೂರು ಹೆಜ್ಜೆ ನಡೀರಿ, ಒಣದ್ರಾಕ್ಷಿ ನೆನೆಹಾಕಿ. ಟೀ ಅಂಗಡಿಯವನು ಬಂದು, ಕಾಫಿ ಬಿಟ್ಟದ್ದಕ್ಕೇ ಹೀಗಾಯಿತು ಎಂದು ತೀರ್ಪು ಕೊಟ್ಟ. ಎಲ್ಲರೂ ಹೋದ ಮೇಲೆ, ಮೂರನೇ ಪ್ಲಾಟ್‌ಫಾರಂ ಎದುರಿನ ಬೆಂಚಿನಿಂದ ಮಾವ ಎದ್ದು ಬಂದರು. ಅವರು ನಕ್ಕಿರಲಿಲ್ಲ.

"ಆ ಪುಸ್ತಕ ಕೊಡಮ್ಮ."

ಕನ್ನಡಕ ಹಾಕಿಕೊಂಡು, ಸಾಲುಗಳ ಮೇಲೆ ಬೆರಳಿಟ್ಟು ಮೂರು ವಾರವನ್ನೂ ಓದಿದರು.

"ಪೆಪ್ಪರ್‌ಮೆಂಟು ಎಲ್ಲಿ ಬರ್ದಿದೀಯ?"

"ಅದು ಊಟ ಅಲ್ವಲ್ಲ ಮಾವ. ಔಷಧಿ ಇದ್ದ ಹಾಗೆ."

"ಬಾಯಿಗೆ ತಾನೆ ಹೋಗೋದು?"

ಮಾವ ಮಾತಾಡಿದರು. ಅಷ್ಟು ಉದ್ದದ ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಮುಂಚೆ ದಿನಕ್ಕೆ ಎರಡು ತರ್ತಿದ್ದೆ. ನಿನ್ ದನಿ ಒಡೀತು ಅಂತ ಎಂಟು ತಂದೆ. ಆಮೇಲೂ ಒಡೀತು ಅಂತ ಹದಿನೈದು ಮಾಡ್ದೆ. ಹತ್ತೂವರೆಗೆ ನಾನು ಕೊಡ್ತೀನಿ, ಹನ್ನೊಂದಕ್ಕೆ ನಿಂಗೆ ಹುಳಿತೇಗು ಬರುತ್ತೆ. ಇಲ್ಲಿ ಬರ್ದಿದೆ ನೋಡು. ಗಾಡಿ ಕೆಟ್ರೆ ಎಲ್ಲಾ ಬಿಚ್ಚಿ ನೋಡ್ತಾರೆ, ಆದ್ರೆ ಪ್ರೀತಿಯಿಂದ ಹಾಕಿಸಿದ ಪಾರ್ಟ್ ಮಾತ್ರ ಮುಟ್ಟಲ್ಲ."

"ಅದಲ್ಲ ಬಿಡಿ ಮಾವ."

"ಅದೇ ಇರ್ಬೋದು. ಬರಿ. ಒಂದು ವಾರ ರದ್ದು."

ತೂತಿನಿಂದ ಕೈ ಒಳಗೆ ಹಾಕಿ ಅಂದಿನ ಪೊಟ್ಟಣದಲ್ಲಿ ಉಳಿದದ್ದನ್ನು ವಾಪಸು ತೆಗೆದುಕೊಂಡು ಹೋದರು.

ಮೂರೇ ದಿನದಲ್ಲಿ ದನಿ ತಿಳಿಯಾಗತೊಡಗಿತು. ನಾಲ್ಕನೇ ದಿನದ ಸಾಲು, ‘ಹನ್ನೊಂದು ಗಂಟೆ. ಬರಲಿಲ್ಲ.’ ಕುಣಿಯಬೇಕಾದವಳು ಮುಖ ಸಣ್ಣ ಮಾಡಿಕೊಂಡು ಕೂತಳು. ಹಾಲು ಬಿಟ್ಟದ್ದೇ ಈಗ ಕೆಲಸ ಮಾಡುತ್ತಿರಬೇಕು ಎಂದು ನನಗೆ ವಾದಿಸಿದಳು. ಮಾವ ದಿನಾ ಡಬ್ಬಿ ತರುತ್ತಿದ್ದರು. ಡಬ್ಬಿ ತಳ್ಳಿದ ಮೇಲೆ ಅಭ್ಯಾಸಬಲದಿಂದ ಕೈ ಜೇಬಿಗೆ ಹೋಗುತ್ತಿತ್ತು, ಏನೂ ಇಲ್ಲದೆ ಹೊರಗೆ ಬರುತ್ತಿತ್ತು. ಅದನ್ನು ನೋಡಲಾಗದೆ ಅವಳು ಆ ಹೊತ್ತಿಗೆ ಸರಿಯಾಗಿ ಒಂದು ಪ್ರಕಟಣೆ ಇಟ್ಟುಕೊಳ್ಳುತ್ತಿದ್ದಳು.

ಶುಕ್ರವಾರ ಅವರೇ ಪೊಟ್ಟಣ ತಂದರು.

"ಇವತ್ತು ತಿನ್ನು."

"ಯಾಕೆ ಮಾವ? ಸರಿಹೋಗಿದೆಯಲ್ಲ."

"ರಿಪೇರಿ ಆದ್ಮೇಲೆ ಹಳೇ ಪಾರ್ಟ್ ಒಂದ್ಸಲ ಹಾಕಿ ನೋಡ್ಬೇಕು. ಇಲ್ದಿದ್ರೆ ಅನುಮಾನ ಹೋಗಲ್ಲ."

ಅವರ ಮುಖ ನೋಡಿ ನನಗೆ ಅರ್ಥವಾಯಿತು. ಸಾಕ್ಷಿ ಹೇಳಲು ಬಂದದ್ದು ತಮ್ಮ ಪೆಪ್ಪರ್‌ಮೆಂಟಿನ ಪರವಾಗಿಯೇ. ಅವಳು ಒಂದಾದ ಮೇಲೊಂದು ಎಂಟು ತಿಂದಳು. ಹನ್ನೊಂದು ಗಂಟೆ ದಾಟಿತು, ಏನೂ ಆಗಲಿಲ್ಲ. ಹನ್ನೊಂದೂ ಹತ್ತಕ್ಕೂ ಇಲ್ಲ. ಬೆಂಚಿನಲ್ಲಿ ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಕೂಡ, ಯಾವ ದೇವರಿಗೂ ಕೈಮುಗಿಯದವನು, ಗಡಿಯಾರಕ್ಕೆ ಕೈಮುಗಿಯುವುದೊಂದು ಬಾಕಿ. ಹನ್ನೊಂದೂವರೆಗೆ ಇಪ್ಪತ್ತಮೂರನೇ ನಂಬರಿನ ಬಸ್ಸನ್ನು ಕೂಗುವಾಗ ಅವಳ ದನಿ ನಡುವೆ ಚರ್ರನೆ ಒಡೆಯಿತು.

ಮಾವ ಆ ಬಸ್ಸು ಹೊರಡುವವರೆಗೆ ಕೂತಿದ್ದರು. ಆಮೇಲೆ ಎದ್ದು ಗಾಜಿನ ಕಡೆ ತಿರುಗಿ ಒಮ್ಮೆ ತಲೆ ಆಡಿಸಿ ಹೊರಟುಹೋದರು. ಆ ದಿನದ ಸಾಲನ್ನು ಅವಳು ಬರೆಯಲೊಪ್ಪಲಿಲ್ಲ. ನಾನೇ ಬರೆದೆ.

ಸೋಮವಾರ ಬಂತು. ಸಾಹೇಬರು ಎಂಟನೇ ಪ್ಲಾಟ್‌ಫಾರಂ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ಕಿವಿಗೊಟ್ಟು ಕೂತರು. ಒಂದು ಬಸ್ಸಿಗೂ ಅವಳ ದನಿ ತಡವರಿಸಲಿಲ್ಲ. ಸಂಜೆ ಕಿಟಕಿಗೆ ಬಂದು, "ಗೋದಾಮಿಗೆ ಬೇರೆ ಯಾರ್ನಾದ್ರೂ ನೋಡ್ತೀನಿ" ಎಂದರು. ಹೊರಟವರು ತಿರುಗಿ ಬಂದು, ದನಿ ತಗ್ಗಿಸಿ, "ಕೊನೆಗೆ ಏನು ಬಿಟ್ರಿ? ನಂಗೂ ಹನ್ನೆರಡಕ್ಕೊಂದು ಬರುತ್ತೆ" ಎಂದು ಕೇಳಿದರು.

ಆದರೆ ಅವತ್ತು ಹತ್ತೂವರೆಗೆ ಮಾವ ಬರಲಿಲ್ಲ. ಡಬ್ಬಿಯನ್ನು ಅವಳ ಗಂಡ ಗಿರಣಿಗೆ ಹೋಗುವ ದಾರಿಯಲ್ಲಿ ಕೊಟ್ಟು, "ಅಪ್ಪಂಗೆ ಕಾಲು ನೋವಂತೆ" ಎಂದ. ಕುರ್ಚಿ ಉಳಿದ ಸುದ್ದಿಗೆ ಅವಳು ಅರ್ಧ ನಕ್ಕಳಷ್ಟೇ. ಬೆಂಚಿನ ಕಡೆಯೇ ನೋಡುತ್ತಿದ್ದಳು.

ಮಂಗಳವಾರವೂ ಅದೇ ಕಾಲು ನೋವು. ಹತ್ತೂವರೆ ಆಯಿತು, ಬೆಂಚು ಖಾಲಿ. ಅವಳು ರಿಜಿಸ್ಟರು ಮುಚ್ಚಿದಳು. ಪುಟ ತಪ್ಪಿತು ಎಂದು ನೆಪ ಹೇಳುವುದಕ್ಕೂ ಜಾಗ ಇಟ್ಟುಕೊಳ್ಳದೆ ಮೈಕಿನ ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ. ಹತ್ತೂವರೆಗೆ ಮೂರನೇ ಪ್ಲಾಟ್‌ಫಾರಂಗೆ ಬರಬೇಕಾದ ನಮ್ಮ ಮಾವ ಇನ್ನೂ ಬಂದಿಲ್ಲ. ಖಾಲಿ ಕೈಯಲ್ಲೇ ಬರಬೇಕೆಂದು ಕೋರಲಾಗಿದೆ."

ನಿನ್ನೆಯಷ್ಟೇ ಉಳಿದ ಕುರ್ಚಿ. ಗುಂಡಿ ಆರಿಸಲು ನನ್ನ ಕೈ ಮುಂದೆ ಹೋಯಿತು, ಆಮೇಲೆ ತಾನೇ ಹಿಂದೆ ಬಂತು. ನಿಯಮದ ಪ್ರಕಾರ ಅವಳು ಎರಡನೇ ಸಲವೂ ಪೂರ್ತಿ ಹೇಳಿದಳು. ನಮ್ಮ ಸ್ಪೀಕರು ಹಿಂದಿನ ಬೀದಿಗೂ ಕೇಳುತ್ತದೆ. ಈ ಸಲ ನಿಲ್ದಾಣದಲ್ಲಿ ಯಾರೂ ನಗಲಿಲ್ಲ. ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದು, ನಮ್ಮತ್ತ ನೋಡಿ, ಏನನ್ನೋ ಮರೆತವರಂತೆ ಒಳಗೆ ಹೋದರು.

ಇಪ್ಪತ್ತು ನಿಮಿಷದ ಮೇಲೆ ಮಾವ ಬಂದರು. ಕಾಲು ನೋವಿನ ಯಾವ ಗುರುತೂ ಇರಲಿಲ್ಲ. ಅಂಗಿಯ ಗುಂಡಿ ಒಂದು ಮೇಲೆ, ಒಂದು ಕೆಳಗೆ.

"ಬರೀ ಕೈಯಲ್ಲಿ ಬಂದು ಏನ್ಮಾಡ್ಲಮ್ಮ?" ಎಂದರು.

ಅವಳು ತೂತಿನ ಕೆಳಗೆ ಎಂದಿನಂತೆ ಅಂಗೈ ಚಾಚಿದಳು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ತಮ್ಮ ಖಾಲಿ ಕೈಯನ್ನೇ ಅದರ ಮೇಲಿಟ್ಟರು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ನಲವತ್ತೊಂದನೇ ನಂಬರಿನ ಬಸ್ಸಿಗೆ ವೇಳೆಯಾಯಿತು. ಅವಳು ಗುಂಡಿ ಒತ್ತಿ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಆ ಬಸ್ಸನ್ನು ನಾನು ಕೂಗಿದೆ. ಯಾರೂ ನಂಬದೆ ಕಿಟಕಿಗೆ ಬಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ನಾನು ಗದರಲಿಲ್ಲ.

ರಿಜಿಸ್ಟರಿನ ಬಲಪುಟದಲ್ಲಿ ಅವತ್ತಿನ ಸಾಲು ಹೀಗಿದೆ. ‘ಮಾವ. ಇಪ್ಪತ್ತು ನಿಮಿಷ ತಡ. ಹತ್ತು ಐವತ್ತೈದಕ್ಕೆ ಗಂಟಲು ಕಟ್ಟಿತು. ಷರಾ: ತಿಂದದ್ದರಿಂದ ಅಲ್ಲ.’