ಗೋಡೆ ಹತ್ತುತ್ತಿದ್ದ ಬೆರಳುಗಳು

ಮೊನ್ನೆ ಪಕ್ಕದ ಮನೆಯಿಂದ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಯಾರಿಗೋ ಭುಜ ನೋವಂತೆ. ನನಗೆ ಹಳೆಯದೆಲ್ಲ ನೆನಪಾಯಿತು. ದೊಡ್ಡಬಳ್ಳಾಪುರದ ನಮ್ಮ ಬೀದಿ, ಎದುರುಮನೆಯ ದೊಡ್ಡಪ್ಪ...

ದೊಡ್ಡಪ್ಪ ಎಂದರೆ ನಂಟರೇನಲ್ಲ. ಬೀದಿಯ ಮಕ್ಕಳಿಗೆಲ್ಲ ಅವರು ದೊಡ್ಡಪ್ಪ. ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಬಲಗೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ಓಡಬೇಕು, ಲಾಳಿ ಓಡಿದರೆ ಮನೆಯ ಒಲೆ ಉರಿಯಬೇಕು. ಅರವತ್ತರ ದಶಕದ ಕೊನೆಯಿರಬೇಕು. ಒಂದು ದಿನ ನೂಲು ಸುತ್ತಿದ ಮರದ ದಿಂಡನ್ನು ಒಬ್ಬರೇ ಎತ್ತಲು ಹೋಗಿ, ಬಲಭುಜ ಹಿಡಿದುಕೊಂಡು ಕೂತುಬಿಟ್ಟರು.

ಬೀದಿಯವರಿಗೆ ಗೊತ್ತಿದ್ದ ಔಷಧ ಒಂದೇ, ನಮ್ಮಜ್ಜಿ. ಅಜ್ಜಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಉಳುಕು ಬಿಡುತ್ತದೆಂಬ ನಂಬಿಕೆ. ಕರ್ಪೂರದೆಣ್ಣೆ ಹಚ್ಚಿ, ಚಾಪೆಯ ಮೇಲೆ ಬೋರಲು ಮಲಗಿಸಿದರು. ಅಜ್ಜಿ ಹಿಮ್ಮಡಿಯಿಂದ ಭುಜವನ್ನು ಒತ್ತಿದಳು. ಒಳಗೆ ಏನೋ ಕಟಕ್ ಎಂದಿತು.

"ಬಿಡ್ತು, ಉಳುಕು ಬಿಡ್ತು!" ಎಂದು ಎಲ್ಲರೂ ಹಿಗ್ಗಿದರು. ದೊಡ್ಡಪ್ಪನ ಕಣ್ಣಲ್ಲಿ ಬಂದ ನೀರನ್ನೂ ಸಂತೋಷದ್ದೆಂದೇ ತಿಳಿದರು. ಎಂಥ ದಡ್ಡರ ಬೀದಿಯಪ್ಪ ನಮ್ಮದು!

ಕೈ ಮೇಲೇಳಲಿಲ್ಲ. ಅರ್ಧ ಹರಿದಿದ್ದ ಸ್ನಾಯು ತುಳಿತಕ್ಕೆ ಪೂರ್ತಿ ಹರಿದಿದೆ, ಸುಮ್ಮನೆ ಬಿಟ್ಟಿದ್ದರೆ ತಾನೇ ಕೂಡಿಕೊಳ್ಳುತ್ತಿತ್ತೇನೋ ಎಂದರಂತೆ ಬೆಂಗಳೂರಿನ ಡಾಕ್ಟರು. ನೋವಿಳಿದ ಮೇಲೆ ದಿನಾ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸಬೇಕು, ಉಳಿದದ್ದು ದೇವರಿಚ್ಛೆ ಎಂದು ಹೇಳಿ ಕಳಿಸಿದರು.

ದೊಡ್ಡಪ್ಪ ಬೆಳಗೆದ್ದು ಹೊರಗೋಡೆಗೆ ಬೆರಳಿಡುತ್ತಿದ್ದರು. ಎದೆಯ ಮಟ್ಟಕ್ಕೆ ಬಂದಾಗ ಕೈ ಜಾರುತ್ತಿತ್ತು. ಮತ್ತೆ ಹತ್ತಿಸುವರು... ಎದುರಿಗೆ ನಮ್ಮ ಜಗಲಿಯಲ್ಲಿ ಅಜ್ಜಿ ನೋಡಲಾರದೆ, ಎದ್ದುಹೋಗಲೂ ಆಗದೆ ಒದ್ದಾಡುತ್ತಿದ್ದಳು. ಅಲ್ಲಿಂದಾಚೆ ಯಾರು ಎಷ್ಟು ಬೇಡಿಕೊಂಡರೂ ಆಕೆ ತುಳಿಯಲಿಲ್ಲ.

"ನನ್ ಕಾಲಿಗೆ ಬೆಂಕಿ ಬೀಳ್ಲಪ್ಪ," ಎಂದಳು ಒಮ್ಮೆ.

"ಏ ಬಿಡಮ್ಮ, ನಾನೇ ಅಲ್ವಾ ಬಂದು ಮಲ್ಕೊಂಡಿದ್ದು? ನಾಳೆ ಇನ್ನೊಂದ್ ಗೇಣು ಹತ್ತುತ್ತೆ, ನೋಡ್ತಿರು," ಎಂದರು ದೊಡ್ಡಪ್ಪ.

ಹತ್ತಲಿಲ್ಲ. ಮಗ್ಗಕ್ಕೆ ಅವರ ಹೆಂಡತಿ ಕೂತರು. ದೊಡ್ಡಪ್ಪ ಪಕ್ಕದಲ್ಲಿ ಎಡಗೈಯಲ್ಲಿ ನೂಲು ಸುತ್ತಿಕೊಡುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಅಕ್ಷತೆ ಹಾಕಲು ಬಂದ ದೊಡ್ಡಪ್ಪ ಎಡಗೈಯಲ್ಲಿ ಹಾಕಲು ಒಪ್ಪಲಿಲ್ಲ, ಶುಭಕಾರ್ಯಕ್ಕೆ ಎಡಗೈ ಸಲ್ಲದೆಂದು. ಬಲಗೈಯನ್ನು ಎಡಗೈಯಿಂದ ಆನಿಸಿ ಎತ್ತಿದರು. ನಾನು ತಲೆ ತಗ್ಗಿಸಿದೆ, ಇನ್ನೂ ತಗ್ಗಿಸಿದೆ. ಅಷ್ಟರಲ್ಲಿ ಕೈ ಸೋತು ಅಕ್ಕಿಕಾಳು ಅವರ ಪಾದದ ಬಳಿಯೇ ಉದುರಿತು. ಹಿಂದಿನವರು ನೂಕಿದರು, ದೊಡ್ಡಪ್ಪ ಪಕ್ಕಕ್ಕೆ ಸರಿದರು.

ಈಗ ಅವರಿಲ್ಲ, ಅಜ್ಜಿಯೂ ಇಲ್ಲ. ಅಂದು ಎಷ್ಟೋ ಜನರ ಅಕ್ಷತೆ ನನ್ನ ತಲೆಯ ಮೇಲೆ ಬಿತ್ತು, ಯಾರ್ಯಾರದೆಂದು ನೆನಪಿಲ್ಲ. ಬೀಳದೇ ಹೋದದ್ದು ನೆನಪಾದಾಗ ಇವತ್ತಿಗೂ ಸಂಕಟವಾಗುತ್ತದೆ.