ತಂಗಿಯ ಕಾರ್ಡಿನಲ್ಲಿ ಅಕ್ಕನ ತೂಕ

ಹೊಳೆಯ ಈಚೆ ದಡದಲ್ಲಿ ಬಟ್ಟೆ ಹೊಲಿಯುವ ಅಕ್ಕ, ಆಚೆ ದಡಕ್ಕೆ ಮದುವೆಯಾಗಿ ಹೋದ ತಂಗಿ. ನಡುವೆ ಒಂದು ಸೇತುವೆ, ಹತ್ತು ನಿಮಿಷದ ನಡಿಗೆ, ಅಷ್ಟೇ. ಆದರೆ ತಂಗಿಯ ಮನೆಯಿಂದ ನಾಲ್ಕನೇ ಬಾಗಿಲು ಡಾಕ್ಟರದು, ಮತ್ತು ಆ ಡಾಕ್ಟರು ಆಚೆ ದಡದ ವಿಳಾಸ ಇದ್ದವರನ್ನು ಮಾತ್ರ ನೋಡಬೇಕೆಂದು ಮೇಲಿನವರು ಯಾರೋ ಗೆರೆ ಎಳೆದಿದ್ದರು. ಈಚೆ ದಡಕ್ಕೆ ತಿಂಗಳಿಗೆರಡು ಸಲ ಆಸ್ಪತ್ರೆಯ ಒಂದು ವ್ಯಾನು ಬರುತ್ತಿತ್ತು. ಪ್ರತಿ ಸಲವೂ ಹೊಸ ಮುಖ, ಪ್ರತಿ ಸಲವೂ "ಏನು ತೊಂದರೆ?" ಎಂದು ಮತ್ತೆ ಓನಾಮದಿಂದ ಶುರು.

"ನಮ್ಮ ಡಾಕ್ಟ್ರಿಗೆ ನನ್ನ ವಿಷ್ಯ ನಮ್ಮ ಯಜಮಾನ್ರಿಗಿಂತ ಚೆನ್ನಾಗಿ ಗೊತ್ತು ಕಣೇ ಅಕ್ಕ," ಎನ್ನುತ್ತಿದ್ದಳು ತಂಗಿ.

ಅವಳ ಮನೆಗೆ, ಒಡವೆಗೆ ಅಕ್ಕ ಎಂದೂ ಕರುಬಿದವಳಲ್ಲ. ಆ 'ನಮ್ಮ ಡಾಕ್ಟ್ರು' ಮಾತ್ರ ಹೊಟ್ಟೆಗೆ ಬೆಂಕಿ ಇಡುತ್ತಿತ್ತು. ಗುಂಡುಕಲ್ಲಿನಂತಿರುವ ಇವಳಿಗೆ ಡಾಕ್ಟರು ಯಾಕಂತೆ? ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುವುದು ಸುಮ್ಮನೆ ಅಲ್ಲ.

ಯಾಕೆಂದರೆ ನಾಲ್ಕು ತಿಂಗಳಿಂದ ಅಕ್ಕನಿಗೆ ಕೆಮ್ಮು. ತನ್ನ ಬಟ್ಟೆಗಳನ್ನು ತಾನೇ ಮೂರು ಸಲ ಒಳಗೆ ಹಿಡಿದು ಹೊಲಿದುಕೊಂಡಿದ್ದಳು. ವ್ಯಾನಿನವರು ಸಿರಪ್ಪು ಕೊಟ್ಟು ಕಳಿಸಿದರು. ಬಡಕಲಾಗಿದ್ದಾಳೆಂದು ಅವರಿಗೆ ತಿಳಿಯುವುದಾದರೂ ಹೇಗೆ, ಮೊದಲು ಕಂಡಿದ್ದರೆ ತಾನೆ?

ಒಂದು ಬೆಳಿಗ್ಗೆ ತಂಗಿಯ ಮನೆಗೆ ಹೋದವಳು ಅವಳ ಕೈಚೀಲದಿಂದ ಡಾಕ್ಟರಿಗೆ ತೋರಿಸುವ ವಿಳಾಸದ ಕಾರ್ಡು ಎತ್ತಿಕೊಂಡು ಸೀದಾ ಆ ಬಾಗಿಲಿಗೆ ನಡೆದಳು. ಇಬ್ಬರದೂ ಒಂದೇ ಅಚ್ಚು. ಡಾಕ್ಟರು ತಲೆಯೆತ್ತಿ ನೋಡಿ, ತಂಗಿಯ ಹೆಸರು ಹಿಡಿದೇ ಮಾತಾಡಿಸಿದರು. ಗಂಡನಿಗಿಂತ ಚೆನ್ನಾಗಿ ಗೊತ್ತಂತೆ! ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತೂಕ ನೋಡಿ, ಕಡತ ತಿರುವಿದ ಡಾಕ್ಟರ ಮುಖ ಇಳಿದುಹೋಯಿತು.

"ಏನಮ್ಮಾ ಇದು? ಮೂರು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿದಿದ್ದೀರಲ್ಲ!" ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ತನಗಾಗಿ ಒಬ್ಬ ಡಾಕ್ಟರು ಗಾಬರಿಯಾದದ್ದು ಅದೇ ಮೊದಲು. ಆ ಗಾಬರಿಯನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ರಕ್ತ, ಕಫ, ಎದೆಯ ಎಕ್ಸ್‌ರೇ, ಎಲ್ಲ ತಂಗಿಯ ಹೆಸರಿನಲ್ಲೇ ಆಯಿತು.

ನಾಲ್ಕನೇ ದಿನ ತಂಗಿ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನನ್ನ ಎದೇಲಿ ಏನೋ ಕಲೆ ಇದೆಯಂತೆ! ನಾಳೇನೇ ದೊಡ್ಡಾಸ್ಪತ್ರೆಗೆ ಹೋಗ್ಬೇಕಂತೆ, ಡಾಕ್ಟ್ರ ಕಡೆಯಿಂದ ಫೋನ್ ಬಂತು. ನಾನು ಎಕ್ಸ್‌ರೇ ತೆಗೆಸೇ ಇಲ್ಲ ಕಣೇ!"

"ನಿಂದಲ್ಲ ಅದು. ನಂದು," ಎಂದು ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

ಬೈಯಲೆಂದು ಬಾಯಿ ತೆರೆದ ತಂಗಿ, ಅಕ್ಕನ ಎದ್ದು ಕಾಣುವ ಕೊರಳ ಮೂಳೆಯನ್ನು ನೋಡಿ ಅವಳ ಕೈ ಹಿಡಿದೆಳೆದಳು.

"ನಡಿ, ಈಗ್ಲೇ ಹೋಗಿ ನಿಜ ಹೇಳೋಣ."

"ಹೇಳಿದ್ರೆ ನನ್ನ ನೋಡ್ತಾರಾ? ನಾನು ಈಚೆ ದಡದೋಳು."

ತಂಗಿ ಕೈ ಬಿಟ್ಟು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

"ಅದಿರಲಿ, ಫೋನ್ ಮಾಡಿದ್ದು ನರ್ಸಾ, ಅವರೇನಾ?" ಎಂದು ಕೇಳಿದಳು ಅಕ್ಕ.

"ಅವರೇ. ಎರಡು ಸಲ ಮಾಡಿದ್ರು. ಹೆದರ್ಬೇಡಿ, ನಾನಿದ್ದೀನಿ ಅಂದ್ರು."

ಕಾಯಿಲೆ ತನ್ನದು, ಆ ಮಾತು ಮಾತ್ರ ತಂಗಿಯ ಕಿವಿಗೆ ಬಿದ್ದಿತ್ತು. ಎದೆಯ ಕಲೆಯ ಭಯಕ್ಕಿಂತ ಮೊದಲು ಅಕ್ಕನಿಗೆ ಉರಿದದ್ದು ಅದೇ.